ಮಸ್ಕಿ ಶಾಸನದ ಬಗ್ಗೆ ಗುಂಪಿನ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಅಶೋಕ ಎಂಬ ಹೆಸರಿರುವ ಏಕೈಕ ಶಾಸನ ಮಸ್ಕಿಯದು’ ಎಂಬ ಬರಹ ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಹರಿದಾಡುತ್ತಿರುವುದರಿಂದ ಈ ಸೂಚನೆ.

1915ರಲ್ಲಿ, ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಮಸ್ಕಿಯಲ್ಲಿ ಈ ಬಂಡೆ ಶಾಸನವನ್ನು ಮೊದಲು ಗುರುತಿಸಿದವರು ಪುರಾತತ್ವಜ್ಞರಲ್ಲ, ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್, ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. 1837ರಲ್ಲಿ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಪ್ರಾಚೀನ ಬ್ರಾಹ್ಮಿ ಲಿಪಿಯನ್ನು ಓದಿದಾಗ ಆ ಲಿಪಿಯ ರಾಜಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’ (ದೇವರಿಗೆ ಪ್ರಿಯನಾದವನು), ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಈ ಬಿರುದುಗಳ ಅರಸನೇ ಮೌರ್ಯ ಅಶೋಕನೆಂದು ವಿದ್ವಾಂಸರು ಸಿಂಹಳದ (ಶ್ರೀಲಂಕಾದ) ಬೌದ್ಧ ವೃತ್ತಾಂತಗಳ ಬಲದಿಂದ ಊಹಿಸಿದ್ದರು. ಮಸ್ಕಿಯ ಪ್ರಾಕೃತ ಪಾಠದಲ್ಲಿ ‘ದೇವಾನಂಪಿಯಸ ಅಸೋಕಸ’ (ದೇವಾನಾಂಪ್ರಿಯ ಅಶೋಕನ) ಎಂಬ ಪದಗಳು ಕಾಣಿಸಿಕೊಂಡಾಗ ಆ ಊಹೆಗೆ ಕಲ್ಲಿನ ಸಾಕ್ಷಿಯೇ ದೊರೆಯಿತು. ಚಿನ್ನ ಹುಡುಕುವ ವೃತ್ತಿಯವರ ಕಣ್ಣಿಗೆ ಇದು ಬಿದ್ದದ್ದು ನನಗಂತೂ ಇಂದಿಗೂ ಸೋಜಿಗ.

ಆದರೆ ‘ಏಕೈಕ’ ಎಂಬ ಮಾತು ಈಗ ಸಲ್ಲುವುದಿಲ್ಲ. ಮಧ್ಯಪ್ರದೇಶದ ಗುಜರ್ರಾ ಹಾಗೂ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಂ ಶಾಸನಗಳಲ್ಲಿಯೂ ಅಶೋಕನ ಹೆಸರಿದೆ. ಇವೆಲ್ಲ ಸ್ವಾತಂತ್ರ್ಯಾನಂತರ ಬೆಳಕಿಗೆ ಬಂದವು. ಆದ್ದರಿಂದ ಇನ್ನು ಮುಂದೆ ‘ಮೊದಲು ದೊರೆತ’ ಎಂದು ತಿದ್ದಿ ಹಂಚಿಕೊಳ್ಳಬೇಕೆಂದೂ, ಚಿತ್ರ ಹಾಕುವವರು ಅದು ಯಾವ ಊರಿನ ಬಂಡೆಯದೆಂದು ತಪ್ಪದೆ ಬರೆಯಬೇಕೆಂದೂ ಕೋರುತ್ತೇನೆ.