ಕನಸಿನ ಕಛೇರಿ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಮತ್ತೆ ಒಂದಾದರೆ ಎಷ್ಟು ಹಣ ಕೊಟ್ಟಾದರೂ ನೋಡಲೇಬೇಕೆನಿಸುವ ಒಂದು ಸಂಗೀತ ತಂಡದ ಹೆಸರನ್ನು, ಕಾರಣ ಸಹಿತ, ಈ ಭಾನುವಾರ ರಾತ್ರಿಯೊಳಗೆ ಎಲ್ಲರೂ ಇಲ್ಲಿ ಬರೆಯಬೇಕೆಂದು ವಿನಂತಿ. ಬರಿಯ ಹಾಡಿನ ಲಿಂಕ್‌ಗಳನ್ನು ದಯವಿಟ್ಟು ಹಾಕಬೇಡಿ.

ನನ್ನ ಆಯ್ಕೆ, 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇಂಡಿಯನ್ ಓಶನ್. ಚಕ್ಕಳಮಕ್ಕಳ ಹಾಕಿ ಕುಳಿತು, ತಬಲಾ ನುಡಿಸುತ್ತಲೇ ಎದೆತುಂಬಿ ಹಾಡುತ್ತಿದ್ದ ಅಶೀಮ್ ಚಕ್ರವರ್ತಿಯವರು 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 2013ರಲ್ಲಿ ಗಿಟಾರ್ ವಾದಕ ಸುಶ್ಮಿತ್ ಸೇನ್ ತಂಡದಿಂದ ಹೊರನಡೆದರು. ಅಶೀಮ್ ಅವರ ಜಾಗ ತುಂಬುವಂಥದ್ದಲ್ಲ. ಆದರೂ ತಂಡದ ರಾಹುಲ್ ರಾಮ್, ಅಮಿತ್ ಕಿಲಾಂ ಅವರ ಜೊತೆ ಸುಶ್ಮಿತ್ ಅವರು ಒಂದೇ ಒಂದು ಸಂಜೆ ನಮ್ಮ ಕಾರವಾರದ ಮಯೂರವರ್ಮ ವೇದಿಕೆಗೆ ಬಂದರೆ, ಕಡಲಿನ ಮೊರೆತದ ನಡುವೆ ಆ ಗಿಟಾರಿನ ತಂತಿ ಮಿಡಿಯುವುದನ್ನು ಕೇಳಲು ನಾನು ಐದು ಸಾವಿರ ರೂಪಾಯಿ ಕೊಟ್ಟು ಮರಳಿನ ಮೇಲೆಯೇ ಕೂರಲು ಸಿದ್ಧ.

ಅಗಲಿದವರಿರುವ ತಂಡವನ್ನು ಸೂಚಿಸಬಹುದೇ ಎಂದು ಕೆಲವರು ಕೇಳಿದ್ದೀರಿ. 2007ರ ಡಿಸೆಂಬರ್ 10ರಂದು ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಲಿನ್ ಲಂಡನ್ನಿನಲ್ಲಿ ಮತ್ತೆ ಸೇರಿದಾಗ, ತೀರಿಹೋಗಿದ್ದ ಜಾನ್ ಬಾನಮ್ ಅವರ ಜಾಗದಲ್ಲಿ ಡ್ರಮ್ಸ್ ನುಡಿಸಿದವರು ಅವರ ಮಗ ಜೇಸನ್. ಹಾಗೆ ಆ ಸ್ಥಾನಕ್ಕೆ ತಕ್ಕವರನ್ನೂ ಹೆಸರಿಸುವುದಾದರೆ ಅಡ್ಡಿಯಿಲ್ಲ. ಶಿರಸಿ, ಸಿದ್ದಾಪುರದ ಸದಸ್ಯರು ಯಕ್ಷಗಾನದ ಹಿಮ್ಮೇಳವನ್ನು ಸೂಚಿಸಿದರೂ ಸಂತೋಷವೇ.

ಗುಂಪಿನ ನಿರ್ವಾಹಕ