ಫ್ರಾಂಕನ್‌ವೀನಿ: ಆ ನೆರೆಹೊರೆಯವರು ಎಲ್ಲಿ ಹೋದರು?

ಮಾನ್ಯ ಸಂಪಾದಕರೇ,

ಕಿರುಚಿತ್ರವೊಂದು ಮುಂದೆ ಪೂರ್ಣಾವಧಿ ಚಿತ್ರವಾಗಿ ಬಂದಾಗ ಪತ್ರಿಕೆಗಳ ವಿಮರ್ಶೆ ಹೆಚ್ಚಾಗಿ ಎರಡರಲ್ಲಿ ಒಂದು ಮಾತು ಹೇಳಿ ಮುಗಿಸುತ್ತದೆ. ‘ಚೆನ್ನಾಗಿ ಬೆಳೆಸಿದ್ದಾರೆ’ ಅಥವಾ ‘ಸುಮ್ನೆ ಎಳೆದಿದ್ದಾರೆ’. ಹಾಲಿವುಡ್ ನಿರ್ದೇಶಕ ಟಿಮ್ ಬರ್ಟನ್ ಅವರ ‘ಫ್ರಾಂಕನ್‌ವೀನಿ’ಯ ಎರಡೂ ರೂಪ ನೋಡಿದ ಮೇಲೆ ನನಗೆ ಈ ಎರಡು ಮಾತೂ ಸಾಲದು ಅನ್ನಿಸಿದೆ. ಅದಕ್ಕೇ ಈ ಪತ್ರ.

1984ರ ಕಿರುಚಿತ್ರ ಸುಮಾರು ಅರ್ಧ ಗಂಟೆಯದು. ಅದರಲ್ಲಿ ನಟಿಸಿರುವುದು ಮನುಷ್ಯರು ಮತ್ತು ಒಂದು ನಿಜವಾದ ನಾಯಿ. 2012ರದು 87 ನಿಮಿಷದ ಸ್ಟಾಪ್ ಮೋಷನ್ ಚಿತ್ರ. ಬೊಂಬೆಗಳನ್ನು ಕೈಯಲ್ಲಿ ಒಂದಿಷ್ಟೇ ಸರಿಸಿ, ಮತ್ತೆ ಮತ್ತೆ ಫ್ರೇಮ್ ತೆಗೆದು ಮಾಡಿದ್ದು. ಎರಡೂ ಕಪ್ಪು-ಬಿಳುಪು, ಎರಡೂ ಡಿಸ್ನಿಯವು. ಕಥೆಯ ಎಳೆಯೂ ಒಂದೇ. ವಿಕ್ಟರ್ ಎಂಬ ಹುಡುಗನ ನಾಯಿ ಸ್ಪಾರ್ಕಿ ಚೆಂಡಿನ ಹಿಂದೆ ಓಡಿ ಕಾರಿಗೆ ಸಿಕ್ಕಿ ಸಾಯುತ್ತದೆ. ವಿದ್ಯುತ್ ತಗುಲಿದರೆ ಸತ್ತ ಕಪ್ಪೆಯ ಕಾಲು ಅಲುಗುವುದನ್ನು ಹುಡುಗ ಶಾಲೆಯಲ್ಲಿ ನೋಡುತ್ತಾನೆ. ಹೂತ ನಾಯಿಯನ್ನು ಅಗೆದು ತಂದು, ಮನೆಯ ಅಟ್ಟದಲ್ಲಿ ಮಿಂಚಿನ ಶಕ್ತಿಯಿಂದ ಬದುಕಿಸುತ್ತಾನೆ. ವಿಜ್ಞಾನಿಯೊಬ್ಬ ಹೆಣಗಳ ತುಂಡುಗಳನ್ನು ಹೊಲಿದು ಜೀವ ಕೊಡುವ 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರವನ್ನು ಮಕ್ಕಳ ಎತ್ತರಕ್ಕೆ ಇಳಿಸಿ ಮಾಡಿದ ಕಥೆ ಇದು.

ಕಿರುಚಿತ್ರದಲ್ಲಿ ಬದುಕಿ ಬಂದ ಸ್ಪಾರ್ಕಿ ಯಾರಿಗೂ ಏನೂ ಕೆಡುಕು ಮಾಡುವುದಿಲ್ಲ. ಮೈಮೇಲೆ ಹೊಲಿಗೆ, ಕತ್ತಿನಲ್ಲಿ ಬೋಲ್ಟು. ನೋಡಿದವರು ಹೆದರುವುದು ಅಷ್ಟಕ್ಕೇ. ಅಪ್ಪ ಅಮ್ಮ ಮೊದಲು ಬೆಚ್ಚಿದರೂ ಮಗನ ಪರವಾಗಿ ನಿಲ್ಲುತ್ತಾರೆ. ನಾಯಿಯನ್ನು ಪರಿಚಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನೆರೆಹೊರೆಯವರನ್ನು ಮನೆಗೆ ಕರೆಯುತ್ತಾರೆ. ಎಲ್ಲ ಕೆಡುವುದು ಅಲ್ಲೇ. ಹೆದರಿದ ಜನ ಅಟ್ಟಿಸಿಕೊಂಡು ಹೋಗುತ್ತಾರೆ. ಮಿನಿ ಗಾಲ್ಫ್ ಮೈದಾನದಲ್ಲಿರುವ ಆಟದ ಗಾಳಿಯಂತ್ರಕ್ಕೆ ಬೆಂಕಿ ಬೀಳುತ್ತದೆ. ಸ್ಪಾರ್ಕಿ ಹುಡುಗನನ್ನು ಎಳೆದು ಉಳಿಸಿ ತಾನು ಸಾಯುತ್ತದೆ. ಆಮೇಲೆ ಅದೇ ಜನ ತಮ್ಮ ಕಾರುಗಳನ್ನು ತಂದು, ಬ್ಯಾಟರಿಗಳಿಗೆ ವೈರ್ ಸಿಕ್ಕಿಸಿ ಅದನ್ನು ಮತ್ತೆ ಬದುಕಿಸುತ್ತಾರೆ. ಇಡೀ ಕಥೆಯಲ್ಲಿ ಒಂದೇ ಒಂದು ರಾಕ್ಷಸ ಪ್ರಾಣಿ ಇಲ್ಲ ನೋಡಿ. ಇರುವುದು ಹೆದರಿಕೊಂಡ ದೊಡ್ಡವರು ಮಾತ್ರ. ಬದಲಾಗುವವರೂ ಅವರೇ.

ದೊಡ್ಡ ಚಿತ್ರದಲ್ಲಿ ವಿಕ್ಟರ್‌ನ ಗುಟ್ಟು ಶಾಲೆಯ ಮಕ್ಕಳಿಗೆ ಗೊತ್ತಾಗುತ್ತದೆ. ವಿಜ್ಞಾನ ಮೇಳದ ಬಹುಮಾನಕ್ಕಾಗಿ ಅವರೂ ಸತ್ತ ಪ್ರಾಣಿಗಳನ್ನು ಎಬ್ಬಿಸುತ್ತಾರೆ. ಆಮೆ ಮನೆಗಿಂತ ಎತ್ತರ ಬೆಳೆಯುತ್ತದೆ. ಬೆಕ್ಕೊಂದು ಬಾವಲಿಯ ಜೊತೆ ಬೆರೆತು ರೆಕ್ಕೆ ಬಡಿಯುತ್ತದೆ. ಹಳೆಯ ಭೂತ-ಪ್ರೇತದ ಚಿತ್ರಗಳನ್ನು ಪ್ರೀತಿಸುವವರಿಗೆ ಇದು ಹಬ್ಬವೇ, ನನಗೂ ಖುಷಿಯಾಯಿತು. ಆದರೆ ಊರಿಗೆ ನಿಜವಾಗಿಯೂ ಭಯಂಕರ ಪ್ರಾಣಿಗಳು ನುಗ್ಗಿದ ಮೇಲೆ ಊರಿನವರ ಹೆದರಿಕೆ ತಪ್ಪು ಅನ್ನುವುದು ಹೇಗೆ? ಅವರು ಓಡುವುದರಲ್ಲಿ ನ್ಯಾಯ ಇದೆಯಲ್ಲ! ಕಿರುಚಿತ್ರದಲ್ಲೂ ಸ್ಪಾರ್ಕಿ ಹುಡುಗನನ್ನು ಉಳಿಸಿದ ಮೇಲೇ ಜನ ಬದಲಾಗುವುದು, ನಿಜ. ಅಲ್ಲಿ ಹುಡುಗ ಅಪಾಯಕ್ಕೆ ಸಿಕ್ಕಿದ್ದೇ ಅವರಿಂದ, ಆದ್ದರಿಂದ ಆ ಕಾರುಗಳು ಬಂದು ನಿಲ್ಲುವಾಗ ಅವರ ನಾಚಿಕೆಯೂ ಕಾಣುತ್ತದೆ. ದೊಡ್ಡ ಚಿತ್ರದಲ್ಲೂ ಕಾರುಗಳು ಬರುತ್ತವೆ. ಆದರೆ ಅಷ್ಟು ಗದ್ದಲ ಆದ ಮೇಲೆ ಆ ನಾಚಿಕೆಗೆ ಜಾಗವೇ ಉಳಿದಿಲ್ಲ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿತು. ದೊಡ್ಡ ಚಿತ್ರದಲ್ಲಿ ಅಪ್ಪ ಅಮ್ಮ ಮಗನಿಗೆ ಸಾವಿನ ಬಗ್ಗೆ ಮೆತ್ತಗೆ ಹೇಳುತ್ತಾರೆ: ಪ್ರೀತಿಸಿದವರು ಹೃದಯದಲ್ಲಿ ಇರುತ್ತಾರೆ ಎಂದು. ಹುಡುಗ ಒಪ್ಪುವುದಿಲ್ಲ. ಕೊನೆಗೆ, ಎರಡನೇ ಸಲ ಸತ್ತ ನಾಯಿಯ ಮುಂದೆ ಕುಳಿತಾಗ ಒಪ್ಪುತ್ತಾನೆ, ನೀನು ತಿರುಗಿ ಬರಬೇಕಾಗಿಲ್ಲ ಅನ್ನುತ್ತಾನೆ. ಇಡೀ ಚಿತ್ರದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಅದಾದ ಸ್ವಲ್ಪ ಹೊತ್ತಿಗೇ ಸ್ಪಾರ್ಕಿ ಎದ್ದು ಬಾಲ ಅಲ್ಲಾಡಿಸುತ್ತದೆ. ಹುಡುಗ ಕಷ್ಟಪಟ್ಟು ಕಲಿತದ್ದನ್ನು ಚಿತ್ರವೇ ಕಿತ್ತುಕೊಂಡ ಹಾಗಾಯಿತು. ಕಿರುಚಿತ್ರದಲ್ಲಿಯೂ ನಾಯಿ ಏಳುತ್ತದೆ, ಆದರೆ ಅಲ್ಲಿ ಸಾವನ್ನು ಒಪ್ಪಿಕೊಳ್ಳುವ ಪಾಠವನ್ನು ಯಾರೂ ಶುರುಮಾಡಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಅಲ್ವಾ?

ಹಾಗಂತ ರೀಮೇಕ್ ದಂಡ ಅನ್ನುತ್ತಿಲ್ಲ. ಅದರಲ್ಲಿ ಬೆಳೆದಿರುವ ವಿಜ್ಞಾನದ ಮೇಷ್ಟ್ರ ಪಾತ್ರ ಅಪರೂಪದ್ದು. ದನಿ ನಟ ಮಾರ್ಟಿನ್ ಲಾಂಡೌ ಅವರದು. ಪ್ರಯೋಗವನ್ನು ತಲೆಯಿಂದ ಮಾತ್ರ ಮಾಡಿದರೆ ಸಾಲದು, ಅದರ ಮೇಲೆ ಪ್ರೀತಿಯೂ ಇರಬೇಕು ಎಂದು ಆತ ವಿಕ್ಟರ್‌ಗೆ ಹೇಳುತ್ತಾನೆ. ಬಹುಮಾನದ ಆಸೆಗೆ ಎಬ್ಬಿಸಿದ ಪ್ರಾಣಿಗಳು ಕೆಟ್ಟು ಹೋಗುವುದು, ಸ್ಪಾರ್ಕಿ ಸ್ಪಾರ್ಕಿಯಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ತಂದೆ-ತಾಯಿಯರ ಸಭೆಯಲ್ಲಿ ಆತ ಅವರ ಅಜ್ಞಾನವನ್ನು ಮುಖಕ್ಕೇ ಹೇಳಿ ಕೆಲಸ ಕಳೆದುಕೊಳ್ಳುತ್ತಾನೆ. ಅವನನ್ನು ಅಷ್ಟು ಬೇಗ ಕಥೆಯಿಂದ ಕಳಿಸಿಬಿಟ್ಟದ್ದೇ ನನ್ನ ದೂರು. ದೈತ್ಯ ಆಮೆಗೆ ಕೊಟ್ಟ ಹೊತ್ತಿನಲ್ಲಿ ಅರ್ಧ ಅವನಿಗೆ ಕೊಡಬಹುದಿತ್ತು.

ನಾಯಿಯ ವಿಷಯದಲ್ಲಂತೂ ಬೊಂಬೆಯೇ ಗೆದ್ದಿದೆ. ನಿಜವಾದ ನಾಯಿಗೆ ಹೊಲಿಗೆ ಅಂಟಿಸಿ ನಿಲ್ಲಿಸಬಹುದು, ಇಂಥ ಕಡೆ ಹೀಗೆ ತಿರುಗಿ ನೋಡು ಎಂದರೆ ಅದು ನೋಡಬೇಕಲ್ಲ. ಬೊಂಬೆ ಸ್ಪಾರ್ಕಿಯ ಒಂದೊಂದು ನೋಟವನ್ನೂ ಯಾರೋ ಕೂತು ಯೋಚಿಸಿ ಇಟ್ಟಿದ್ದಾರೆ. ಖುಷಿಯಿಂದ ಬಾಲ ಅಲ್ಲಾಡಿಸಿದರೆ ಬಾಲವೇ ಕಳಚಿ ಬೀಳುತ್ತದೆ. ಆಗ ನಗುತ್ತಲೇ ಕಣ್ಣು ತುಂಬಿಬರುತ್ತದೆ.

ಪೋಷಕರಿಗೂ ಒಂದು ಮಾತು. ಕಿರುಚಿತ್ರವನ್ನು 1984ರಲ್ಲಿ ‘ಪಿನೋಕಿಯೊ’ ಮರುಬಿಡುಗಡೆಯ ಜೊತೆ ತೋರಿಸುವ ಯೋಜನೆ ಇತ್ತು. ಪಿಜಿ (ಮಕ್ಕಳು ನೋಡಲು ಪೋಷಕರ ಮಾರ್ಗದರ್ಶನ ಬೇಕು ಎನ್ನುವ) ಪ್ರಮಾಣಪತ್ರ ಬಂದದ್ದರಿಂದ, ಮಕ್ಕಳಿಗೆ ಹೆದರಿಕೆಯಾದೀತು ಎಂದು ಅದನ್ನು ಕೈಬಿಟ್ಟರು. ಬರ್ಟನ್ ಡಿಸ್ನಿಯಿಂದ ಹೊರಬಿದ್ದರು. 2012ರ ಚಿತ್ರಕ್ಕೂ ಸಿಕ್ಕಿದ್ದು ಅದೇ ಪಿಜಿ, ಆದರೂ ಡಿಸ್ನಿಯೇ ಬಿಡುಗಡೆ ಮಾಡಿತು, ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಮಕ್ಕಳು ಎಷ್ಟು ತಡೆದುಕೊಳ್ಳಬಲ್ಲರು ಎಂದು ದೊಡ್ಡವರೇ ಮೊದಲು ಹೆದರಿಬಿಡುವುದು ಈ ಕಿರುಚಿತ್ರದ ಕಥೆಯೂ ಹೌದು, ಅದರ ಗತಿಯೂ ಆಯಿತು. ಮಕ್ಕಳ ಜೊತೆ ಕೂತು ಮೊದಲು ಚಿಕ್ಕದನ್ನು, ಆಮೇಲೆ ದೊಡ್ಡದನ್ನು ನೋಡಿ. ನೆರೆಹೊರೆಯವರು ಯಾಕೆ ಹೆದರಿದರು ಎಂದು ಎರಡು ಸಲವೂ ಕೇಳಿ.

ನಿಮ್ಮ ಸಿನಿಮಾ ಪುಟದಲ್ಲಿ ಕಿರುಚಿತ್ರಗಳಿಗೂ ವಾರಕ್ಕೊಂದು ಅಂಕಣ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಅವುಗಳ ದೊಡ್ಡ ರೂಪ ಬಂದಾಗ ಮಾತ್ರ ನೆನಪಿಸಿಕೊಂಡರೆ ಸಾಲದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ