ಮೊಣಕಾಲಿನ ಪಟ್ಟಿಯ ಕಾರಣ

ನಾರ್ತ್ ವ್ಯಾಂಕೂವರ್, ಕೆನಡಾ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮೊನ್ನೆ ವಿಡಿಯೋ ಕರೆಯಲ್ಲಿ ನನ್ನ ಮೊಣಕಾಲಿನ ಪಟ್ಟಿಯನ್ನು ಕಂಡು ಅಮ್ಮ ಗಾಬರಿಯಾಗಿ ಫೋನನ್ನು ನಿಮ್ಮ ಕೈಗೆ ಕೊಟ್ಟಳು, ನೀವು “ಇದು ಸೈಕಲ್ಲಿನಿಂದ ಬೀಳುವ ವಯಸ್ಸೇನೋ?” ಎಂದು ಕೇಳಿದಿರಿ. ಅಂದು ನಕ್ಕು ಸುಮ್ಮನಾದೆ, ಈಗ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಊರಿಗೆ ತಾಗಿಕೊಂಡೇ ಫ್ರೋಮ್ ಎಂಬ ಬೆಟ್ಟವಿದೆ. ಸೀಡರ್ ಮರಗಳ ದಟ್ಟ ಕಾಡಿನ ನಡುವೆ ಮೌಂಟನ್ ಬೈಕಿಗೆಂದೇ, ಅಂದರೆ ಬೆಟ್ಟದಲ್ಲಿ ಓಡಿಸುವ ಸೈಕಲ್ಲಿಗೆಂದೇ, ಮಾಡಿದ ಜಾಡುಗಳಿದ್ದು, ಅವುಗಳ ಆರಂಭದಲ್ಲಿ ಸುಲಭದ್ದಕ್ಕೆ ಹಸಿರು ವೃತ್ತ, ನಡುವಿನದಕ್ಕೆ ನೀಲಿ ಚೌಕ, ಕಠಿಣದ್ದಕ್ಕೆ ಕಪ್ಪು ವಜ್ರದ ಗುರುತು ಹಾಕಿರುತ್ತಾರೆ. ಕೆಸರಿನ ಜಾಗಗಳಲ್ಲಿ ಸೀಳಿದ ಸೀಡರ್ ಹಲಗೆಗಳನ್ನು ಜೋಡಿಸಿದ ಕಿರಿದಾದ ಸೇತುವೆಗಳಿವೆ. ಮೊದಲ ಸಲ ನೋಡಿದಾಗ ನಮ್ಮ ತೋಟದ ಅಡಿಕೆ ದಬ್ಬೆಯ ಸಂಕವೇ ಕಣ್ಣಮುಂದೆ ಬಂತು. ನೀರನ್ನು ನೋಡದೆ ಆಚೆ ದಡವನ್ನು ನೋಡುತ್ತ ನಡೆ ಎಂದು ನೀವು ಕಲಿಸಿದ್ದು ಇಲ್ಲಿ ಸೈಕಲ್ಲಿನ ಮೇಲೂ ಸರಿಹೋಗುತ್ತದೆ.

ಶರತ್ಕಾಲದ ಮಳೆ ಹಿಡಿದ ಮೇಲೆ ಬೇರುಗಳದ್ದೇ ದೊಡ್ಡ ಉಪದ್ರವ. ಒದ್ದೆ ಬೇರಿನ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುವುದು ಬಹುತೇಕ ಖಂಡಿತ. ಆದ್ದರಿಂದ ವೇಗವನ್ನು ಮೊದಲೇ ತಗ್ಗಿಸಿ, ಬೇರಿಗೆ ಅಡ್ಡಲಾಗಿ ನೇರ ನುಗ್ಗಿ, ಕೈಕಾಲು ಸಡಿಲಬಿಟ್ಟು ದಾಟಬೇಕು. ಓರೆಯಾಗಿ ಬಿದ್ದಿರುವ ಬೇರನ್ನು ಕಂಡರೆ ನನಗೆ ಈಗಲೂ ಭಯ. ಅಗಲವಾದ ಟೈರಿಗೆ 25 ಪಿಎಸ್‌ಐ ಒತ್ತಡದಷ್ಟೇ ಗಾಳಿ ತುಂಬುವುದು ಸಹ ನೆಲವನ್ನು ಅದು ಅವುಚಿಕೊಳ್ಳಲೆಂದೇ.

ನಾನು ಬಿದ್ದದ್ದು ಮಾತ್ರ ಬೇರಿನಿಂದಲ್ಲ, ಜಾಡಿಗೆ ಅಡ್ಡವಾಗಿದ್ದ ಮೊಣಕಾಲೆತ್ತರದ ದಿಮ್ಮಿಯಿಂದ. ಅದೂ ನೀಲಿ ಚೌಕದ ಜಾಡಿನಲ್ಲಿ, ಕಪ್ಪು ವಜ್ರದಲ್ಲಿ ಎಂದು ಹೇಳಿಕೊಳ್ಳುವ ಭಾಗ್ಯವೂ ಇಲ್ಲ. ದಿಮ್ಮಿ ದಾಟುವಾಗ ಸೀಟನ್ನು ತಗ್ಗಿಸಿ, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು ನಿಂತು, ಹತ್ತಿರ ಬಂದೊಡನೆ ಸೊಂಟವನ್ನು ಹಿಂದಕ್ಕೆ ಎಳೆದು, ಅರ್ಧ ಸುತ್ತು ಪೆಡಲು ತುಳಿದರೆ ಮುಂದಿನ ಚಕ್ರ ತಾನೇ ಏಳುತ್ತದೆ. ಅದು ದಿಮ್ಮಿಯ ಮೇಲೆ ಕುಳಿತ ಕ್ಷಣವೇ ಮೈಯ ಭಾರವನ್ನು ಮುಂದಕ್ಕೆ ತಂದು ಹಿಂದಿನ ಚಕ್ರವನ್ನು ಹಗುರ ಮಾಡಬೇಕು. ನಾನು ಮೊದಲರ್ಧವನ್ನು ಮಾಡಿದ ಸಂಭ್ರಮದಲ್ಲಿ ಎರಡನೆಯದನ್ನು ಮರೆತು ಹಿಂದೆಯೇ ಉಳಿದೆ. ಚೈನಿನ ಹಲ್ಲುಚಕ್ರ ದಿಮ್ಮಿಗೆ ಕಚ್ಚಿಕೊಂಡಿತು, ಸೈಕಲ್ಲು ಏತದ ಮರದಂತೆ ಒಂದು ಗಳಿಗೆ ತೂಗಿತು, ಮತ್ತೆ ನನ್ನನ್ನು ಪಕ್ಕದ ಕಲ್ಲಿನ ಮೇಲೆ ಇಳಿಸಿತು. ಹೆಲ್ಮೆಟ್ ಇತ್ತು, ಮೊಣಕಾಲಿನ ಕವಚ ಮನೆಯಲ್ಲಿತ್ತು. ಚರ್ಮ ತರಚಿದ್ದು ಬಿಟ್ಟರೆ ಬೇರೇನೂ ಆಗಿಲ್ಲ.

ಶನಿವಾರ ಕವಚ ಕಟ್ಟಿಕೊಂಡು ಅದೇ ದಿಮ್ಮಿಯ ಬಳಿಗೆ ಹೋಗುವವನಿದ್ದೇನೆ. ಗಾಯ ಒಣಗಿದೆ ಎಂದಷ್ಟೇ ಅಮ್ಮನಿಗೆ ತಿಳಿಸಿ. ಶನಿವಾರದ ವಿಷಯ ನಮ್ಮಿಬ್ಬರಲ್ಲೇ ಇರಲಿ.

ಇಂತಿ,
ನಿಮ್ಮ ಮಗ